ಕಲಗಚ್ಚಿನ ಬಾನಿಯಲ್ಲಿ ಕಯಾಕಿಂಗ್

ವಾಲಿಬಾಲ್ ಆಡಲು ಕರೆದುಬಿಟ್ಟಾರು ಎಂಬ ಒಂದೇ ಭಯಕ್ಕೆ ದಯಾನಂದ್ ಆ ಸುಳ್ಳು ಹೇಳಿದ್ದು.

ಅವತ್ತು ಅವನು ಹೆಣ್ಣು ನೋಡಲು ಹೋಗಿದ್ದ. ಹೊನ್ನವಳ್ಳಿ ಹತ್ತಿರದ ಊರು, ತೆಂಗಿನ ತೋಟವೂ ಕೊಬ್ಬರಿ ವ್ಯಾಪಾರವೂ ಇದ್ದ ಮರುಳಪ್ಪನವರ ಮನೆ. ಉಪ್ಪಿಟ್ಟು ಕಾಫಿ ಮುಗಿದು, ಹುಡುಗಿ ಗಿರಿಜಾಂಬಿಕಾ ಖಾಲಿ ಲೋಟಗಳನ್ನು ಒಳಗೆ ಒಯ್ಯುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ್ದಳು. ಆ ನೋಟಕ್ಕೆ ಅಲುಗಾಡಿದ ದಯಾನಂದನ ತಲೆ ಇನ್ನೂ ಸ್ವಸ್ಥಾನಕ್ಕೆ ಬಂದಿರಲಿಲ್ಲ. ಅಷ್ಟರಲ್ಲಿ ಹುಡುಗಿಯ ಸೋದರಮಾವ ಈರಣ್ಣ ಮಂಡಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ.

"ಮೇಷ್ಟ್ರೇ, ಪಿ.ಟಿ. ಮೇಷ್ಟ್ರು ಅಂತೀರಿ. ನಿಮ್ದು ಯಾವ ಗೇಮು?"

ದಯಾನಂದ್ ತಿಪಟೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು, ನಿಜ. ಆದರೆ ದೈಹಿಕವಾಗಿ ಅವನು ಮಾಡುತ್ತಿದ್ದದ್ದು ಸೀಟಿ ಊದುವುದು ಮಾತ್ರ. ಅಂಗಳದಾಚೆ ವಾಲಿಬಾಲ್ ನೆಟ್ ಕಟ್ಟಿತ್ತು. ಬನಿಯನ್ ತೊಟ್ಟ ನಾಲ್ಕೈದು ಜನ ಚೆಂಡು ಪುಟಿಸುತ್ತ ಇತ್ತಲೇ ನೋಡುತ್ತಿದ್ದರು. ವಾಲಿಬಾಲ್ ಎಂದರೆ ಈಗಲೇ ಎದ್ದು ಹೋಗಬೇಕು. ಕಬಡ್ಡಿ ಎಂದರೆ ಪ್ಯಾಂಟು ಮಡಿಸಬೇಕು. ಈ ಬಯಲುಸೀಮೆಯಲ್ಲಿ ಯಾರೂ ತನ್ನಿಂದ ಆಡಿಸಲಾಗದ ಆಟ ಯಾವುದು?

"ಕಯಾಕಿಂಗ್," ಎಂದ. "ಸ್ಟೇಟ್ ಲೆವೆಲ್."

"ಅಂಗಂದ್ರೆ?"

"ನೀರಿನ ಮೇಲೆ ಸಣ್ಣ ದೋಣೀಲಿ ಕೂತು ಹುಟ್ಟು ಹಾಕೋದು. ಅದರಲ್ಲಿ ಬೇಕಾದಷ್ಟು ವಿಭಾಗ ಇದೆ. ಸ್ಪ್ರಿಂಟ್, ಸ್ಲಾಲಮ್, ಮ್ಯಾರಥಾನ್, ಪೋಲೋ..."

ಬಿ.ಪಿ.ಎಡ್. ಪರೀಕ್ಷೆಗೆಂದು ಉರು ಹೊಡೆದಿದ್ದ ಟಿಪ್ಪಣಿ ಅದು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲ. ಈಗ ಉಪಯೋಗಕ್ಕೆ ಬಂತು. ಅವನು ಜೀವಮಾನದಲ್ಲಿ ದೋಣಿ ಹತ್ತಿದವನಲ್ಲ, ಈಜು ಕಲಿತವನಲ್ಲ. ಬಕೆಟ್ಟಿನಾಚೆಯ ನೀರಿನೊಂದಿಗೆ ಅವನಿಗೆ ವ್ಯವಹಾರವೇ ಇರಲಿಲ್ಲ.

ಕಂಬಕ್ಕೊರಗಿ ಎಲೆಅಡಿಕೆ ಕುಟ್ಟುತ್ತಿದ್ದ ಹುಡುಗಿಯ ಅಜ್ಜಿ ಸಿದ್ದಗಂಗಮ್ಮನ ಕೈ ನಿಂತಿತು.

"ನೀರಾ?" ಎಂದಳು. ಮತ್ತೆ ಕುಟ್ಟತೊಡಗಿದಳು.

ಅಂದು ಯಾರೂ ಅವನನ್ನು ವಾಲಿಬಾಲಿಗೆ ಕರೆಯಲಿಲ್ಲ. ಕಾಲು ತೊಳೆಯಲು ಬಿಸಿನೀರು ಕೊಟ್ಟು, ಒಂದು ಚೀಲ ತೆಂಗಿನಕಾಯಿ ಕಟ್ಟಿ ಕಳುಹಿಸಿದರು.

ಆಮೇಲೆ ಮಳೆ ಹಿಡಿಯಿತು.

ಆ ಊರ ಕೆರೆ ಎಷ್ಟೋ ವರ್ಷದಿಂದ ದನ ಮೇಯುವ ಬಯಲಾಗಿತ್ತು. ಹುಡುಗರು ಅದರ ನಡುವೆ ಕ್ರಿಕೆಟ್ ಪಿಚ್ಚು ಮಾಡಿಕೊಂಡಿದ್ದರು. ಅಂಥ ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ಬಿದ್ದ ಮೇಲೆ ಊರವರು ಬಾಗಿನ ಬಿಡಬೇಕು, ಊರಿಗೆಲ್ಲ ಹೋಳಿಗೆ ಊಟ ಆಗಬೇಕು. ಮರುಳಪ್ಪನವರು ಸ್ಕೂಲಿಗೆ ಫೋನ್ ಮಾಡಿದರು. "ಭಾನುವಾರ ಬನ್ನಿ ಮೇಷ್ಟ್ರೇ. ಅಂಗೇ ಮುಂದಿನ ಮಾತೂ ಒಂದು ಕಡೆಗಾಗ್ಲಿ."

ಮುಂದಿನ ಮಾತು ಎಂದರೆ ಮದುವೆಯ ಮಾತು. ದಯಾನಂದ್ ಹೊಸ ಷರಟು ಹಾಕಿಕೊಂಡು, ಕನ್ನಡಿಯ ಮುಂದೆ ನಾಚಿಕೊಳ್ಳುವುದನ್ನು ಎರಡು ಸಲ ಅಭ್ಯಾಸ ಮಾಡಿ, ಬಸ್ಸು ಹತ್ತಿದ.

ಬಸ್ ಸ್ಟಾಪಿನಲ್ಲೇ ಈರಣ್ಣ ಕಾಯುತ್ತಿದ್ದ. ಅವನ ಮುಖ ಹೊಸ ಟ್ಯೂಬ್‌ಲೈಟಿನಂತೆ ಹೊಳೆಯುತ್ತಿತ್ತು.

"ಮೇಷ್ಟ್ರೇ, ನಿಮ್ಗೊಂದು ಸರ್ಪ್ರೈಸ್ ಐತೆ. ನಡೀರಿ, ಏರಿ ಮ್ಯಾಲೆ ಹೋಗಾನ."

ಕೆರೆ ಏರಿಯ ಮೇಲೆ ಊರಿಗೆ ಊರೇ ಸೇರಿತ್ತು. ಜನ ಸರಿದು ದಾರಿ ಬಿಟ್ಟರು. ನಡುವೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಒಂದು ಕಯಾಕ್ ಮಲಗಿತ್ತು.

ದಯಾನಂದ್ ಬಂದ ದಾರಿಯತ್ತ ತಿರುಗಿದ. ಜನ ಆಗಲೇ ಅದನ್ನು ಮುಚ್ಚಿದ್ದರು.

"ಇದು... ಇದು ಇಲ್ಲಿಗೆ ಹೆಂಗೆ ಬಂತು?"

"ಅದಾ? ನಮ್ ಯುವಕ ಸಂಘದೋರು ಕೇರಂ ಬೋರ್ಡು ಬೇಕು ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ವಿ. ಲಾರೀಲಿ ಇದು ಬಂತು. ವಾಪಸ್ ಯಾರಿಗೆ ಕೊಡಾದು ಅಂತ ಗೊತ್ತಾಗ್ದೆ ನಮ್ ಕೊಟ್ಟಿಗೇಲಿ ಇಟ್ಕಂಡು ಎಮ್ಮೆಗೆ ಕಲಗಚ್ಚು ಹುಯ್ಯಾಕೆ ಮಡಿಕಂಡಿದ್ದೆ. ಹೊಟ್ಟು ಬೂಸ ಎಲ್ಲಾ ಉಜ್ಜಿ ತೊಳ್ದಿವ್ನಿ, ವಾಸ್ನೆ ಒಂಚೂರು ಐತೆ ಅಷ್ಟೇಯ."

ವಾಸನೆ ಒಂಚೂರು ಇರಲಿಲ್ಲ, ಬೇಕಾದಷ್ಟಿತ್ತು. ಅದನ್ನು ಹಿಂಬಾಲಿಸಿ ಬಂದಿದ್ದ ಎಮ್ಮೆ ಚೆನ್ನಿ ಕಯಾಕಿನ ಪಕ್ಕದಲ್ಲೇ ನಿಂತು, ತನ್ನ ಊಟದ ತಟ್ಟೆಗೆ ಹೂವಿನ ಹಾರ ಯಾಕೆ ಹಾಕಿದ್ದಾರೆಂದು ಯೋಚಿಸುತ್ತಿತ್ತು. ಯೋಚನೆ ಮುಗಿಸಿ ಹಾರವನ್ನು ತಿನ್ನತೊಡಗಿತು.

ಕಯಾಕಿನ ಜೊತೆಗೆ ಬಂದಿದ್ದ ಹುಟ್ಟನ್ನು ಇಷ್ಟು ವರ್ಷ ಸಿದ್ದಗಂಗಮ್ಮ ಅಂಗಳದಲ್ಲಿ ರಾಗಿ ಹರವಲು ಬಳಸುತ್ತಿದ್ದಳು. ಅದರ ಒಂದು ತುದಿ ಮುರಿದಿತ್ತು. ಮುರಿದ ಕಡೆಗೆ ಈರಣ್ಣ ತೆಂಗಿನ ಗರಿಯ ಬುಡದ ಮಟ್ಟೆ ಕೆತ್ತಿ, ನಾರಿನ ಹಗ್ಗದಲ್ಲಿ ಬಿಗಿದಿದ್ದ.

"ನಮ್ಮೂರ ಅಳಿಯ ಆಗೋರು ಸ್ಟೇಟ್ ಲೆವೆಲ್ಲು! ಒಂದು ರೌಂಡು ತೋರಿಸ್ಬುಡಿ, ಆಮೇಲೆ ಬಾಗಿನ," ಎಂದು ಈರಣ್ಣ ಕೂಗಿದ. ಜನ ಚಪ್ಪಾಳೆ ತಟ್ಟಿದರು.

ಸಿದ್ದಗಂಗಮ್ಮ ಕೋಲೂರಿಕೊಂಡು ಹತ್ತಿರ ಬಂದಳು. ಅವಳ ಕಣ್ಣು ದಯಾನಂದನ ಮುಖದ ಮೇಲೇ ಇತ್ತು.

"ನಿಜವಾಗ್ಲೂ ನೀರಿಗೆ ಇಳೀತೀಯೇನಪ್ಪಾ?"

ದಯಾನಂದ್ ಷರಟಿನ ಕಾಲರು ಸರಿಮಾಡಿಕೊಂಡ. "ಅದೇನು ದೊಡ್ಡದು ಬಿಡಿ ಅಜ್ಜಿ."

ಅಜ್ಜಿ ಮರುಳಪ್ಪನ ಕಡೆ ನೋಡಿದಳು. ಮರುಳಪ್ಪ ನೆಲ ನೋಡಿದರು. ದಯಾನಂದ್ ಕೆರೆ ನೋಡಿದ. ಮೋಡದ ಬಣ್ಣದ ನೀರು ಏರಿಯ ಕಲ್ಲುಗಳನ್ನು ಮೆಲ್ಲಗೆ ನೆಕ್ಕುತ್ತಿತ್ತು.

ಆಗ ಮಜ್ಜಿಗೆಯ ಲೋಟ ಹಿಡಿದು ಗಿರಿಜಾಂಬಿಕಾ ಬಂದಳು. ಲೋಟ ಕೊಡುವ ನೆಪದಲ್ಲಿ ತಲೆ ತಗ್ಗಿಸಿ ಪಿಸುಗುಟ್ಟಿದಳು. "ಆಗಲ್ಲ ಅಂದ್ಬಿಡಿ. ದಮ್ಮಯ್ಯ."

ದಯಾನಂದನಿಗೆ ಮೈಯೆಲ್ಲ ಪುಳಕವಾಯಿತು. ಎಂಥ ಹುಡುಗಿ! ಮದುವೆಗೆ ಮೊದಲೇ ಇಷ್ಟು ಆತಂಕ! ಇಂಥವಳ ಎದುರಿಗೆ ಹಿಂಜರಿದರೆ ಗಂಡಸೇ ಅಲ್ಲ. ಆದರೆ ನೀರಿಗಿಳಿದರೆ ಮನುಷ್ಯನೇ ಉಳಿಯುವುದಿಲ್ಲ. ಹಿಂಜರಿಯದೆ ತಪ್ಪಿಸಿಕೊಳ್ಳುವ ಉಪಾಯ ಬೇಕು. ಅವನಿಗೆ ಬಿ.ಪಿ.ಎಡ್. ಟಿಪ್ಪಣಿ ನೆನಪಾಯಿತು.

"ನೋಡಿ ಈರಣ್ಣೋರೇ," ಎಂದ, ಕಯಾಕನ್ನು ಒಮ್ಮೆ ಬೆರಳಿನಿಂದ ತಟ್ಟಿ. "ಇದು ಸ್ಪ್ರಿಂಟಿನ ದೋಣಿ. ನಿಂತ ನೀರಲ್ಲಿ ನೆಟ್ಟಗೆ ಹೋಗೋದು. ನನ್ನ ವಿಭಾಗ ಸ್ಲಾಲಮ್. ಅದಕ್ಕೆ ಹರಿಯೋ ನೀರು ಬೇಕು. ನೀರಿನ ಮೇಲೆ ಕೆಂಪು ಹಸಿರು ಕಂಬ ನೇತುಹಾಕಿರಬೇಕು, ಅದರ ನಡುವೆ ನುಸುಳಬೇಕು. ಇಲ್ಲಿ ಅದೆಲ್ಲ ಎಲ್ಲಿ ಬರುತ್ತೆ? ಛೆ, ಬೇಜಾರಾಯ್ತು."

"ಅಯ್ಯೋ, ಅಷ್ಟೇಯಾ!" ಎಂದ ಈರಣ್ಣ. "ಹರಿಯೋ ನೀರು ಕೋಡೀಲಿ ಐತಲ್ಲ! ಏ, ಕಾಯಿ ಕೀಳೋ ಗಳ ತಗಂಬನ್ರೋ! ಬಾವುಟದ ಬಟ್ಟೆ ಸುತ್ರಿ!"

ತೆಂಗಿನಕಾಯಿ ಕೀಳುವ ಉದ್ದುದ್ದ ಬಿದಿರು ಗಳಗಳು ಮನೆಮನೆಯಿಂದ ಹೊರಟು ಬಂದವು. ದಯಾನಂದ್ ಮಜ್ಜಿಗೆ ಮುಗಿಸುವಷ್ಟರಲ್ಲಿ ಕೋಡಿಯ ಮೇಲೆ ಗಳಗಳು ಅಡ್ಡಡ್ಡ ನಿಂತು, ಅವುಗಳಿಂದ ಕೆಂಪು ಹಸಿರು ಚಿಂದಿ ನೇತಾಡತೊಡಗಿತು. ಕೋಡಿಯ ನೀರು ಬಂಡೆಗಳಿಗೆ ಅಪ್ಪಳಿಸುತ್ತ, ಸಾರಿನ ಪಾತ್ರೆಯಂತೆ ಕುದಿಯುತ್ತ ಇಳಿಯುತ್ತಿತ್ತು. ದಯಾನಂದ್ ಒಮ್ಮೆ ಇಣುಕಿ ನೋಡಿ ಹಿಂದಕ್ಕೆ ಸರಿದ.

"ಬಹಳ ಚೆನ್ನಾಗಿ ಮಾಡಿದೀರಿ. ಆದರೆ ಆ ಗಳಗಳು ತೂಕ ಜಾಸ್ತಿ. ನಿಯಮಕ್ಕೆ ಹೊಂದಲ್ಲ. ಪೋಲೋ ಆಡಬಹುದಿತ್ತು..."

"ಅದೇನು?"

"ದೋಣಿ ಮೇಲೆ ಕೂತು ಚೆಂಡಾಟ. ಆ ಕಡೆ ಐದು ದೋಣಿ, ಈ ಕಡೆ ಐದು ದೋಣಿ ಬೇಕಲ್ಲ."

"ಇಲ್ಲ ಬುಡಿ, ಅದಾಗಾಕಿಲ್ಲ," ಎಂದು ಈರಣ್ಣ ಒಪ್ಪಿಕೊಂಡ.

ದಯಾನಂದ್ ಉಸಿರು ಬಿಟ್ಟ. ಆಮೇಲೆ ಅಗತ್ಯವಿಲ್ಲದೆ ಇನ್ನೊಂದು ಮಾತು ಸೇರಿಸಿದ. ಗೆದ್ದೆ ಎನಿಸಿದಾಗ ಬಾಯಿ ಮುಚ್ಚದಿರುವುದು ಅವನ ಹುಟ್ಟುಗುಣ. "ಡ್ರ್ಯಾಗನ್ ಬೋಟ್ ಅಂತಲೂ ಇದೆ. ಇಪ್ಪತ್ತು ಜನ ಹುಟ್ಟು ಹಾಕ್ತಾರೆ, ಒಬ್ಬ ನಗಾರಿ ಬಾರಿಸ್ತಾನೆ."

"ತಮಟೆ ಐತೆ! ಏ ಗಂಗಯ್ಯ, ಬಾರ್ಸಲಾ!"

ಗಂಗಯ್ಯ ತಮಟೆ ಬಾರಿಸಿದ. ಜನ ಕುಣಿದರು. ದೋಣಿ ಒಂದೇ, ಇಪ್ಪತ್ತು ಜನರನ್ನು ಅದರಲ್ಲಿ ಹಿಡಿಸಲಾಗದು ಎಂದು ತಿಳಿದ ಮೇಲೂ ತಮಟೆ ನಿಲ್ಲಲಿಲ್ಲ. ಒಂದು ಸಲ ಶುರುವಾದದ್ದನ್ನು ಆ ಊರಿನಲ್ಲಿ ನಿಲ್ಲಿಸುವ ಪದ್ಧತಿ ಇರಲಿಲ್ಲ.

ಸಿದ್ದಗಂಗಮ್ಮ ಮತ್ತೆ ಬಂದಳು. "ಕಷ್ಟ ಆದ್ರೆ ಬ್ಯಾಡ ಅನ್ನಪ್ಪ. ಯಾರೂ ಏನೂ ಅನ್ಕಳಾಕಿಲ್ಲ. ನಿಜವಾಗ್ಲೂ ಇಳೀತೀಯಾ?"

ಅಜ್ಜಿಯ ದನಿಯಲ್ಲಿ ಎಷ್ಟು ಕಳಕಳಿ ಇತ್ತೋ ಅಷ್ಟೂ ದಯಾನಂದನಿಗೆ ವ್ಯಂಗ್ಯವಾಗಿ ಕೇಳಿಸಿತು.

"ಇಳೀತೀನಿ," ಎಂದ. "ಮ್ಯಾರಥಾನ್ ಮಾಡ್ತೀನಿ!"

ಅವನಿಗೆ ಹೊಳೆದ ಉಪಾಯ ಹೀಗಿತ್ತು: ಮ್ಯಾರಥಾನಿನಲ್ಲಿ ಆಟಗಾರ ನಡುನಡುವೆ ದಡಕ್ಕೆ ಬಂದು ದೋಣಿಯನ್ನು ಹೆಗಲ ಮೇಲೆ ಹೊತ್ತು ಓಡಬೇಕು. ನಡುನಡುವೆ ಎಂಬುದನ್ನು ಬಿಟ್ಟರೆ ಉಳಿಯುವುದು ಓಟ ಮಾತ್ರ. ದೋಣಿಯನ್ನು ಹೊತ್ತು ಏರಿಯ ಈ ತುದಿಯಿಂದ ಆ ತುದಿಗೆ ಓಡಿ, ಬೆವರು ಒರೆಸಿ, ಮುಗಿಯಿತು ಎಂದುಬಿಡುವುದು.

ಕಯಾಕು ಹೆಗಲೇರಿತು. ತಮಟೆ ಜೋರಾಯಿತು. ದಯಾನಂದ್ ಓಡಿದ. ತನ್ನ ಬಾನಿಯನ್ನು ಯಾರೋ ಕದ್ದು ಓಡುತ್ತಿದ್ದಾನೆಂದು ಚೆನ್ನಿಯೂ ಓಡಿತು. ಹಿಂದೆ ಎಮ್ಮೆಯ ಬುಸುಗುಡುವ ಉಸಿರು ಕುತ್ತಿಗೆಗೆ ತಾಗಿದಾಗ ದಯಾನಂದನ ವೇಗ ಅವನೇ ನಂಬಲಾರದಷ್ಟಾಯಿತು. "ಸ್ಟೇಟ್ ಲೆವೆಲ್ ಅಂದ್ರೆ ಸುಮ್ನೇನಾ!" ಎಂದು ಜನ ಕೇಕೆ ಹಾಕಿದರು. ಏರಿಯ ಆ ತುದಿಯಲ್ಲಿ ಅವನು ಕಯಾಕನ್ನು ಕೆಳಗಿಟ್ಟು, ಅದರ ಪಕ್ಕದಲ್ಲಿ ತಾನೂ ಕೆಳಗಾದ.

"ಸೂಪರ್ ಮೇಷ್ಟ್ರೇ!" ಎಂದ, ಹುಟ್ಟು ಹಿಡಿದು ಊರವರೊಂದಿಗೆ ಹಿಂದೆಯೇ ಓಡಿಬಂದ ಈರಣ್ಣ. "ನೆಲದ್ದು ಆಯ್ತು. ಈಗ ನೀರಿಂದು."

ಇನ್ನು ವಿಭಾಗಗಳು ಉಳಿದಿರಲಿಲ್ಲ. ಒಂದೇ ಒಂದು ಉಳಿದಿತ್ತು.

ದಯಾನಂದ್ ಸೋತ. ನೀರಿಗಿಳಿಯುವುದು ತಪ್ಪುವುದಿಲ್ಲ, ಇಳಿದರೆ ದೋಣಿ ಮಗುಚುವುದೂ ತಪ್ಪುವುದಿಲ್ಲ. ಕೊನೆಯ ಪಕ್ಷ ಮಾನವನ್ನಾದರೂ ಮುಂಗಡವಾಗಿ ಉಳಿಸಿಕೊಳ್ಳೋಣ ಎಂದುಕೊಂಡ. ಎದ್ದು ನಿಂತು, ತರಗತಿಯಲ್ಲಿ ಹೇಳುವಂತೆ ಕೈಯೆತ್ತಿ ಹೇಳಿದ.

"ಎಲ್ಲರೂ ಕೇಳಿ. ನಾನೀಗ ಮಾಡೋದು ಫ್ರೀಸ್ಟೈಲ್. ಇದು ಎಲ್ಲಕ್ಕಿಂತ ಕಷ್ಟದ್ದು. ಇದರಲ್ಲಿ ದೋಣೀನ ಬೇಕೂ ಅಂತಲೇ ಮಗುಚಬೇಕು. ಆಟಗಾರ ತಲೆಕೆಳಗಾಗಬೇಕು. ಎಷ್ಟು ಹೊತ್ತು ನೀರಲ್ಲಿ ಮುಳುಗಿರ್ತಾನೋ ಅಷ್ಟು ಅಂಕ. ಕೈಕಾಲು ಆಡಿಸಿದರೆ ಇನ್ನೂ ಅಂಕ."

"ಯಪ್ಪಾ!" ಎಂದರು ಜನ.

"ಇನ್ನೊಂದು ವಿಷಯ. ಆಟ ನಡೀವಾಗ ಯಾರೂ ಮುಟ್ಟಬಾರದು. ಮುಟ್ಟಿದರೆ ಔಟ್."

ಈ ಕೊನೆಯ ಮಾತು ಯಾಕೆ ಹೇಳಿದ ಎಂದು ಅವನು ಮುಂದೆ ಎಷ್ಟೋ ದಿನ ಯೋಚಿಸಿದ.

"ಸೇಫ್ಟಿಗೆ ಇದನ್ನ ಕಟ್ಕಳಿ," ಎಂದು ಈರಣ್ಣ ಒಂದು ಜೊತೆ ಒಣಗಿದ ತೆಂಗಿನಕಾಯಿ ತಂದ. ಆ ಕಡೆ ಮಕ್ಕಳು ಬಾವಿಯಲ್ಲಿ ಈಜು ಕಲಿಯುವುದೇ ಹಾಗೆ: ಅಟ್ಟದ ಮೇಲೆ ಒಣಗಿ ಒಳಗೆ ಕೊಬ್ಬರಿ ಗಡಗಡ ಎನ್ನುವ ಕಾಯಿಗಳನ್ನು ಬೆನ್ನಿಗೆ ಕಟ್ಟಿಕೊಂಡು. ಬೆನ್ನಿಗೆ ಎಂದರೆ ಎದೆಯ ಮಟ್ಟಕ್ಕೆ. ಈರಣ್ಣ ಅವಸರದಲ್ಲಿ ಸೊಂಟದ ಕೆಳಗೆ ಕಟ್ಟಿದ.

ಸಿದ್ದಗಂಗಮ್ಮ ಮೂರನೆಯ ಸಲ ಏನೋ ಕೇಳಲು ಬಾಯಿ ತೆರೆದಳು. "ಇಳೀತೀನಿ ಅಜ್ಜಿ, ಇಳೀತೀನಿ!" ಎಂದು ದಯಾನಂದ್ ಅವಳು ಕೇಳುವ ಮೊದಲೇ ಹೇಳಿ ಕಯಾಕಿನೊಳಗೆ ಕುಳಿತ. ಗಿರಿಜಾಂಬಿಕಾ ಸೆರಗಿನ ತುದಿಯನ್ನು ಕಚ್ಚಿಕೊಂಡು ಮುಖ ತಿರುಗಿಸಿದಳು.

ನಾಲ್ಕು ಜನ ಕಯಾಕನ್ನು ನೀರಿಗೆ ನೂಕಿದರು.

ಒಂದು ಕ್ಷಣ ಅದು ತೇಲಿತು. ದಯಾನಂದ್ ಹುಟ್ಟನ್ನು ಎಡಕ್ಕೆ ಹಾಕಿದ. ತೆಂಗಿನ ಮಟ್ಟೆ ಕಟ್ಟಿದ್ದ ತುದಿ ಅದು. ನಾರು ನೆನೆದು ಮಟ್ಟೆ ಕಳಚಿ ತನ್ನ ಪಾಡಿಗೆ ತಾನು ಹೊರಟಿತು. ಅದನ್ನು ಹಿಡಿಯಲು ಅವನು ವಾಲಿದ. ಕಯಾಕೂ ವಾಲಿತು. ಆಮೇಲೆ ಏರಿಯ ಮೇಲಿನವರಿಗೆ ಕಂಡದ್ದು ಕಯಾಕಿನ ತಳ, ಮತ್ತು ಅದರ ಪಕ್ಕದಲ್ಲಿ ಎರಡು ತೆಂಗಿನಕಾಯಿಗಳ ನಡುವೆ ನೀರಿನ ಮೇಲೆ ಎದ್ದು ನಿಂತ ದಯಾನಂದನ ಹಿಂಭಾಗ. ಕಾಯಿಗಳು ತಮ್ಮ ಕೆಲಸ ನಿಷ್ಠೆಯಿಂದ ಮಾಡುತ್ತಿದ್ದವು. ಕಟ್ಟಿದ ಜಾಗವನ್ನು ಮುಳುಗಲು ಬಿಡಲಿಲ್ಲ. ತಲೆಯ ಜವಾಬ್ದಾರಿ ಅವಕ್ಕಿರಲಿಲ್ಲ.

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಗಂಗಯ್ಯನ ತಮಟೆ ಮುಗಿಲಿಗೇರಿತು.

ದಯಾನಂದನ ತಲೆ ಒಮ್ಮೆ ಮೇಲೆ ಬಂತು. "ಕಾಪಾ..." ಎಂದು ಕೂಗಿ ಮತ್ತೆ ಒಳಗೆ ಹೋಯಿತು. ಎರಡೂ ಕೈ ಮೇಲೆದ್ದು ಗಾಳಿಯನ್ನು ಹಿಡಿಯಲು ನೋಡಿದವು.

"ಕೈ ಆಡಿಸ್ತಾವ್ರೆ! ಇನ್ನೂ ಮಾರ್ಕ್ಸು!" ಎಂದ ಈರಣ್ಣ.

ಕೆರೆ ತುಂಬಿದಾಗಿನಿಂದ ಬಲೆ ಬೀಸುತ್ತಿದ್ದ ಶ್ರೀರಂಗಯ್ಯನಿಗೆ ಮಾತ್ರ ಅನುಮಾನ ಬಂತು. "ಅಣ್ಣ, ಮುಳುಗ್ತಾ ಅವ್ರೆ ಅನ್ನಂಗೆ ಕಾಣ್ತೈತೆ," ಎಂದು ಪಂಚೆ ಎತ್ತಿ ಕಟ್ಟಿ ನೀರಿಗಿಳಿಯಹೋದ. ಈರಣ್ಣ ಅವನ ರಟ್ಟೆ ಹಿಡಿದು ಎಳೆದ.

"ಮುಟ್ಬ್ಯಾಡ ಕಣ್ಲಾ! ಅವ್ರೇ ಹೇಳಿಲ್ವಾ? ಮುಟ್ಟಿದ್ರೆ ಔಟು! ಅವ್ರ ಮಾರ್ಕ್ಸೆಲ್ಲಾ ಕಳೀತೀಯಾ?"

ನಿಯಮಗಳ ಬಗ್ಗೆ ಕಿಂಚಿತ್ತೂ ಗೌರವವಿಲ್ಲದ ಜೀವಿ ಅಲ್ಲಿ ಒಂದೇ ಇತ್ತು. ತನ್ನ ಬಾನಿ ಬೋರಲಾಗಿ ತೇಲಿ ಹೋಗುತ್ತಿರುವುದನ್ನು ಚೆನ್ನಿ ನೋಡಿತು. ದಡದಿಂದ ಧೊಪ್ಪನೆ ನೀರಿಗೆ ಬಿತ್ತು. ಮೂಗು ಮೇಲಿಟ್ಟುಕೊಂಡು ಆರಾಮವಾಗಿ ಈಜುತ್ತ ಬಂದು ಕಯಾಕನ್ನು ಮೂಸಿತು, ತಲೆಯಿಂದ ತಿವಿಯಿತು. ಒಳಗೆ ಕಲಗಚ್ಚು ಇಲ್ಲವೆಂದು ಖಾತ್ರಿಯಾದ ಮೇಲೆ ಬೇಸರದಿಂದ ದಡದತ್ತ ತಿರುಗಿತು. ತಿರುಗುವಾಗ ಅದರ ಬಾಲ ದಯಾನಂದನ ಕೈಗೆ ಸಿಕ್ಕಿತು. ಅವನು ಈ ಲೋಕದಲ್ಲಿ ಯಾವುದನ್ನೂ ಅಷ್ಟು ಪ್ರೀತಿಯಿಂದ ಹಿಡಿದುಕೊಂಡಿರಲಿಲ್ಲ.

ಎಮ್ಮೆ ಅವನನ್ನು ಕೆಸರಿನವರೆಗೆ ಎಳೆದು ತಂದು ಬಿಟ್ಟು, ಮೈ ಕೊಡವಿತು.

"ಇದ್ಯಾವ ಐಟಮ್ಮು ಮೇಷ್ಟ್ರೇ?" ಎಂದು ಈರಣ್ಣ ಕೈ ಜೋಡಿಸಿ ಕೇಳಿದ. ದಯಾನಂದನ ಬಾಯಿಂದ ನೀರು ಬರುತ್ತಿತ್ತೇ ವಿನಾ ಮಾತು ಬರಲಿಲ್ಲ.

"ಡ್ರ್ಯಾಗನ್ ಅಂದ್ರಲ್ಲ, ಅದೇ ಇರ್ಬೇಕು ಕಣಣ್ಣ," ಎಂದ ಗಂಗಯ್ಯ.

ಮರುಳಪ್ಪನವರ ಮನೆಯ ಪಡಸಾಲೆಯಲ್ಲಿ, ಮರುಳಪ್ಪನವರದೇ ಪಂಚೆ ಉಟ್ಟು, ಕಂಬಳಿ ಹೊದ್ದು ದಯಾನಂದ್ ಕುಳಿತಿದ್ದ. ಕೈಯಲ್ಲಿ ಮೆಣಸಿನ ಕಷಾಯ. ಮೂಗಿನಲ್ಲಿ ಇನ್ನೂ ಕೆರೆ. ಆದರೂ ಮನಸ್ಸಿನಲ್ಲಿ ಒಂದು ಬಗೆಯ ಹೆಮ್ಮೆ ಮೂಡುತ್ತಿತ್ತು. ಮಾನ ಉಳಿಯಿತು, ಜೀವವೂ ಉಳಿಯಿತು. ಇನ್ನು ಉಳಿದದ್ದು ಮದುವೆಯ ಮಾತು.

ಮರುಳಪ್ಪ ಎದುರಿಗೆ ಬಂದು ಕುಳಿತರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಸಂಬಂಧ ಆಗಲ್ಲ."

ದಯಾನಂದ್ ಕಷಾಯದ ಲೋಟ ಕೆಳಗಿಟ್ಟ. "ಯಾಕೆ? ನಾನು ಸರಿಯಾಗಿ ಮಾಡ್ಲಿಲ್ವಾ?"

"ಬಾಳ ಚೆನ್ನಾಗಿ ಮಾಡಿದ್ರಿ. ಅದೇ ತೊಂದ್ರೆ ಆಗಿದ್ದು. ನೀವು ನಮ್ಮ ಮನೇಲಿ ಎಲ್ರಿಗೂ ಒಪ್ಪಿಗೆಯಾಗಿದ್ರಿ. ಗಿರಿಜಂಗೂ ಒಪ್ಪಿಗೇನೇ. ಆದ್ರೆ ನಿಮ್ಮ ಜಾತಕ ನೋಡಿದ ಅಯ್ಯನೋರು ಜಲಗಂಡ ಐತೆ, ನೀರಿಂದ ಜೀವಕ್ಕೆ ಅಪಾಯ, ನೀರಿನ ಸಹವಾಸ ಕೂಡದು ಅಂದ್ರು. ನೀವು ನೋಡಿದ್ರೆ ನೀರಲ್ಲೇ ಆಡೋರು. ನಾವಾಗಿ ಬಿಡಿ ಅಂದ್ರೆ ಹೆಣ್ಣಿಗೋಸ್ಕರ ಬಿಟ್ಟಂಗೆ ಮಾಡಿ, ಆಮೇಲೆ ಇಳೀತೀರಿ. ನೀವಾಗೇ ನೀರು ಬೇಡ ಅಂದ್ರೆ ಕೊಡೋಣ ಅಂತ ಅವ್ವ ಅಂದ್ಲು. ಅದಕ್ಕೇ ಅಷ್ಟು ಸಲ ಕೇಳಿದ್ಲು. ಒಂದೇ ಒಂದು ಸಲ ಆಗಲ್ಲ ಅಂದಿದ್ರೆ ಇವತ್ತೇ ಎಲೆಅಡಿಕೆ ಬದಲಾಯಿಸ್ತಿದ್ವಿ. ಈರಣ್ಣನ ಬಾಯಿ ಮೈಕ್ ಸೆಟ್ಟು, ಅದಕ್ಕೇ ಇದನ್ನ ಅವನಿಗೆ ಹೇಳಿರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಯಾರೋ ಮೂಗು ಸೇದಿದ ಸದ್ದಾಯಿತು.

ದಯಾನಂದ್ ಕಂಬಳಿ ಕೊಡವಿ ಎದ್ದು ನಿಂತ. "ನನಗೆ ಕಯಾಕಿಂಗ್ ಬರಲ್ಲ! ಸ್ಟೇಟ್ ಲೆವೆಲ್ಲೂ ಇಲ್ಲ, ಎಂಥದೂ ಇಲ್ಲ! ವಾಲಿಬಾಲ್ ತಪ್ಪಿಸ್ಕೊಳ್ಳೋಕೆ ಹಾಗಂದೆ. ಈಜೂ ಬರಲ್ಲ. ಇವತ್ತು ನಾನು ಮುಳುಗಿ ಸಾಯ್ತಿದ್ದೆ ಅಜ್ಜಿ! ಆಣೆಗೂ ನಿಜ!"

ಸಿದ್ದಗಂಗಮ್ಮ ಕುಟ್ಟಾಣಿ ಪಕ್ಕಕ್ಕಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಡೀ ಊರು ಕಣ್ಣಾರೆ ನೋಡೈತೆ. ಎಮ್ಮೆ ಬಾಲ ಹಿಡ್ಕಂಡು ಬಂದಿದ್ನ ನಾನೇ ನೋಡಿವ್ನಿ. ಅಷ್ಟು ವಿದ್ಯೆ ಇಟ್ಕಂಡು ಬರಾಕಿಲ್ಲ ಅಂತೀಯಲ್ಲೋ." ಆಮೇಲೆ ಮಗನ ಕಡೆ ತಿರುಗಿದಳು. "ನೀರಾಡೋನ್ನ ಹೆಂಗೋ ತಡ್ಕಬೋದಿತ್ತು ಕಣಪ್ಪ ಮರುಳ. ಬಾಯ್ಬಿಟ್ರೆ ಸುಳ್ಳು ಹೇಳೋನ್ನ ತಡ್ಕಳಾಕಾಗಾಕಿಲ್ಲ."

ಹೋಳಿಗೆ ಊಟ ಮಾತ್ರ ಬಲವಂತ ಮಾಡಿ ಬಡಿಸಿದರು.

ಸಂಜೆಯ ಬಸ್ಸಿಗೆ ಈರಣ್ಣನೇ ಬಿಡಲು ಬಂದ. ಸಂಬಂಧ ಮುರಿದದ್ದು ಅವನಿಗೆ ಆಗಷ್ಟೇ ತಿಳಿದು ಕಣ್ಣು ತುಂಬಿತ್ತು. "ಏನೇ ಆಗ್ಲಿ ಮೇಷ್ಟ್ರೇ, ನಿಮ್ಮಂತ ಕಲಾವಿದರು ಬಿಟ್ರೆ ಇದನ್ನ ಆಡೋರು ಯಾರವ್ರೆ? ಯುವಕ ಸಂಘದಿಂದ ಕಾಣಿಕೆ," ಎಂದವನೇ, ದಯಾನಂದ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಕಯಾಕನ್ನು ಬಸ್ಸಿನ ಟಾಪಿಗೆ ಏರಿಸಿ ಬಿಗಿದ.

ಬಸ್ಸು ಹೊರಟಿತು. ಕಿಟಕಿಯಿಂದ ಹಿಂದಕ್ಕೆ ನೋಡಿದರೆ, ರಸ್ತೆಯ ನಡುವೆ ಚೆನ್ನಿ ಬುಸುಗುಡುತ್ತ ಓಡಿ ಬರುತ್ತಿತ್ತು.

ಕಂಡಕ್ಟರ್ ಬಂದು ಮೇಲೆ ಬೆರಳು ತೋರಿಸಿದ. "ಸಾ, ಲಗೇಜು ನಿಮ್ದಾ? ಏನದು?"

ಇನ್ನು ಮುಂದೆ ನಿಜವನ್ನೇ ಹೇಳಬೇಕೆಂದು ದಯಾನಂದ್ ಆಗಷ್ಟೇ ತೀರ್ಮಾನಿಸಿದ್ದ.

"ಎಮ್ಮೆಗೆ ಕಲಗಚ್ಚು ಹಾಕೋ ಬಾನಿ," ಎಂದ.

ಕಂಡಕ್ಟರ್ ನಕ್ಕು ಟಿಕೆಟ್ ಹರಿದ. "ಸುಳ್ಳು ಹೇಳ್ಬೇಡಿ ಸಾ. ಮಧ್ಯಾಹ್ನದ ಟ್ರಿಪ್ಪಲ್ಲಿ ಬಸ್ ನಿಲ್ಸ್ಕಂಡು ನಿಮ್ಮಾಟ ನಾವೆಲ್ಲಾ ನೋಡಿದ್ವಿ."